ಕಿವಿಯಿಂದ ನೋಡಿದ ಸಿನೆಮಾಗಳು: ನಮ್ಮ ಕಡೆಯ ಮಾತು ಪರದೆಯ ಮೇಲೆ ಎಲ್ಲಿ ನಿಂತಿದೆ?

ಒಂದು ಪಾತ್ರ ಮೊದಲ ದೃಶ್ಯದಲ್ಲಿ ‘ಮನ್ಯಾಗ ಯಾರೂ ಇಲ್ಲ’ ಅನ್ನುತ್ತದೆ. ಎರಡನೇ ದೃಶ್ಯದಲ್ಲಿ ‘ನಂಗ ಕೆಲಸ ಐತಿ’ ಅನ್ನುತ್ತದೆ. ಸಿಟ್ಟು ನೆತ್ತಿಗೇರಿದ ಮೂರನೇ ದೃಶ್ಯದಲ್ಲಿ ‘ನನ್ನನ್ನು ಕೇಳೋಕೆ ನೀನ್ಯಾರು?’ ಎಂದು ಕೂಗುತ್ತದೆ. ಸಿಂದಗಿಯಲ್ಲೋ ಮುಧೋಳದಲ್ಲೋ ಕೂತು ನೋಡುತ್ತಿರುವವರಿಗೆ ಅಷ್ಟು ಸಾಕು. ಸಿಟ್ಟು, ಅಳು, ಅಂಜಿಕೆ ಬಂದಾಗ ಯಾರೇ ಆಗಲಿ ತಾಯಿಮಾತಿಗೆ ಜಾರುತ್ತಾರೆ. ಈ ಪಾತ್ರ ಅದೇ ಹೊತ್ತಿಗೆ ತಾಯಿಮಾತು ಬಿಟ್ಟು ಓಡಿತು. ಮುಂದೆ ನಟ ಎಷ್ಟೇ ಕಣ್ಣೀರು ಹಾಕಲಿ, ನೋಡುಗ ಅವನ ಜೊತೆ ಇರುವುದಿಲ್ಲ.

ಕನ್ನಡದ ಸಿನೆಮಾ ವಿಮರ್ಶೆಗಳಲ್ಲಿ ಕತೆಗೊಂದು, ನಟನೆಗೊಂದು, ಕ್ಯಾಮೆರಾಕ್ಕೊಂದು, ಹಾಡಿಗೊಂದು ಪ್ಯಾರಾ ಸಿಗುತ್ತದೆ. ಕೊನೆಯಲ್ಲಿ ಐದಕ್ಕೆ ಮೂರೋ ಮೂರೂವರೆಯೋ ಚುಕ್ಕಿ. ಮಾತಿನ ಪಾಲಿಗೆ ಬರುವುದು ‘ಉತ್ತರ ಕರ್ನಾಟಕದ ಸೊಗಡಿದೆ’ ಎಂಬ ಒಂದೇ ಸಾಲು. ಯಾವ ಊರಿನ ಸೊಗಡು? ಬೆಳಗಾವಿ, ಬಾಗಲಕೋಟೆ ಕಡೆ ‘ಐತಿ’. ಕಲಬುರಗಿಯತ್ತ ಹೋದಂತೆ ‘ಅದ’. ವಿಜಯಪುರ ಜಿಲ್ಲೆಯಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಅಜ್ಜ ‘ಮುತ್ಯಾ’, ಅಜ್ಜಿ ‘ಆಯಿ’, ಅಪ್ಪನ ತಮ್ಮ ‘ಕಾಕಾ’, ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಅಣ್ಣನ ಹೆಂಡತಿ ‘ವೈನಿ’. ಇಂಥ ಮನೆಯ ಹುಡುಗ ಪರದೆಯ ಮೇಲೆ ‘ತಾತಾ’ ಎಂದು ಕರೆದುಬಿಟ್ಟರೆ ಹಿಂದಿನ ಗೋಡೆಗೆ ಬಳಿದ ಬಿಳಿ ಸುಣ್ಣವೂ, ಅಂಗಳದಲ್ಲಿ ಕಟ್ಟಿದ ಎತ್ತೂ ಅವನನ್ನು ಕಾಪಾಡಲಾರವು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಈ ಸೀಮೆಯ ಕಿವಿ ಸುಮ್ಮನೆ ಚುರುಕಾದದ್ದಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ರಾತ್ರಿಯಿಡೀ ಕೇಳಿದ ಊರುಗಳಿವು. ಬೈಲಹೊಂಗಲದ ಸಂಗ್ಯಾ ಬಾಳ್ಯಾ ಸಣ್ಣಾಟದಲ್ಲಿ ಯಾವ ಮಾತು ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದು ನೋಡುಗರಿಗೂ ಬಾಯಿಪಾಠ. 1943ರ ಹಿಂದಿ ಚಿತ್ರ ‘ಕಿಸ್ಮತ್’ಗೆ ಹಾಡಿದ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಏಣಗಿ ಬಾಳಪ್ಪನವರ ನಾಟಕ ಕಂಪನಿ ತಿರುಗಾಡಿದ ನೆಲದಲ್ಲಿ ದನಿಯ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಹಾಗಾಗಿ ಇಲ್ಲಿ ದೊಡ್ಡ ಬಂಡವಾಳದ ಸಿನೆಮಾಗಳನ್ನೂ ಸಣ್ಣ ಸ್ವತಂತ್ರ ಸಿನೆಮಾಗಳನ್ನೂ ಒಂದೇ ತಕ್ಕಡಿಯಲ್ಲಿ, ಮೊದಲು ಕಿವಿಯಿಂದ, ಆಮೇಲೆ ಕಣ್ಣಿನಿಂದ ತೂಗಲಾಗಿದೆ.

ಮೊದಲ ಸ್ಥಾನ, ಎರಡು ಮಾತಿಲ್ಲದೆ, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ಕ್ಕೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ ಇದು. ಇಲ್ಲಿಯ ಟಾಕೀಸಿಗೆ ಬಂದದ್ದು 2024ರಲ್ಲಿ. ಹಣ ಹಾಕಿದವರು ರಿಷಬ್ ಶೆಟ್ಟಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಊರು, ಅಲ್ಲಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಮ್ಮ. ಗಂಡ ಹಾಸಿಗೆ ಹಿಡಿದಿದ್ದಾನೆ. ಸಾಲವಿದೆ, ಮದುವೆಗೆ ಬಂದ ಮಗಳಿದ್ದಾಳೆ. ಅವಳ ಕೈಗೆ ಶಕ್ತಿ ಕೊಡುತ್ತದೆ ಎನ್ನುವ ಪೇಯದ ಪುಡಿಯೊಂದು ಬರುತ್ತದೆ. ಅದನ್ನು ಕುಡಿದರೆ ಗಂಡ ಏಳುತ್ತಾನೆ, ಮಾರಿದರೆ ಸಾಲ ತೀರುತ್ತದೆ ಎಂಬ ನಂಬಿಕೆ. ಇದು ಚೈನ್ ಮಾರ್ಕೆಟಿಂಗ್. ಮಾರಿದ ಪುಡಿಗಿಂತ ಹೊಸದಾಗಿ ಸೇರಿಸಿದ ಜನರಿಂದ ದುಡ್ಡು ಬರುವ ವ್ಯವಹಾರ. ಸಣ್ಣ ಊರಿನಲ್ಲಿ ಸೇರಿಸಲು ಸಿಗುವವರು ಅಕ್ಕಪಕ್ಕದವರು, ನೆಂಟರು, ಜೊತೆಗೆ ಕೆಲಸ ಮಾಡುವವರು. ಅವರು ಮುಗಿದ ದಿನ ಸರಪಳಿಯೂ ಮುಗಿಯಿತು. ಉಳಿಯುವುದು ಮುರಿದ ಸಂಬಂಧ ಮತ್ತು ಖರ್ಚಾಗದ ಡಬ್ಬಿ. ಸಿನೆಮಾ ಇದನ್ನು ಪಾಠ ಮಾಡುವುದಿಲ್ಲ. ಒಬ್ಬ ಹೆಂಗಸು ಒಂದು ಮನೆಯ ಬಾಗಿಲಿಂದ ಇನ್ನೊಂದು ಮನೆಯ ಬಾಗಿಲಿಗೆ ನಡೆಯುವುದನ್ನು ತೋರಿಸುತ್ತದೆ, ಅಷ್ಟೇ.

ಶಿವಮ್ಮನಾಗಿ ಶರಣಮ್ಮ ಚೆಟ್ಟಿ. ವೃತ್ತಿ ನಟಿಯಲ್ಲ. ಚಿತ್ರದ ಉಳಿದ ಮುಖಗಳೂ ಹೆಚ್ಚಾಗಿ ಹಾಗೆಯೇ. ಆಕೆ ಪುಡಿ ಮಾರುವಾಗಿನ ದನಿ ಬೇರೆ, ಸಾಲ ಕೊಟ್ಟವರ ಎದುರು ನಿಂತಾಗಿನ ದನಿ ಬೇರೆ, ಮನೆಯೊಳಗಿನ ದನಿ ಇನ್ನೂ ಬೇರೆ. ಮೊದಲನೆಯದರಲ್ಲಿ ಯಾರೋ ಕಲಿಸಿಕೊಟ್ಟ ಮಾತಿನ ಬಿಗಿತವಿದೆ. ಎರಡನೆಯದರಲ್ಲಿ ಸೊಲ್ಲು ಅರ್ಧಕ್ಕೆ ನಿಲ್ಲುತ್ತದೆ. ತರಬೇತಿ ಪಡೆದ ನಟಿಯರು ಈ ಮೂರನ್ನೂ ಒಂದೇ ‘ಬಡವಿ’ಯ ದನಿಯಲ್ಲಿ ಹೇಳಿಬಿಡುವುದೇ ಹೆಚ್ಚು. ಹೊರಗಿನ ವಿಮರ್ಶಕರು ಈ ಚಿತ್ರದಲ್ಲಿ ಮುಖ್ಯವಾಗಿ ಹಳ್ಳಿಯ ಬಡತನ, ಹೆಣ್ಣಿನ ಹಟ, ಮಾರುಕಟ್ಟೆಯ ಮೋಸ ಕಂಡರು. ಅದೆಲ್ಲ ಸರಿಯೇ. ಸಬ್‌ಟೈಟಲ್‌ನಲ್ಲಿ ಬಾರದ ಇನ್ನೊಂದು ಸಂಗತಿ ಇದೆ. ಊರ ಜನ ಶಿವಮ್ಮನನ್ನು ಬೈಯುವಾಗಲೂ ಸಂಬಂಧದ ಹೆಸರು ಬಿಡುವುದಿಲ್ಲ. ಬೈಗುಳದ ಕೊನೆಗೆ ‘ಯವ್ವಾ’ ಬಂದಾಗ ಅದರಲ್ಲಿ ಸಿಟ್ಟಿನ ಜೊತೆ ಮರುಕವೂ ಇರುತ್ತದೆ. ಅದು ಕೇಳಿಸುವುದು ನಮಗೆ ಮಾತ್ರ.

ಕೊರತೆಯೂ ಇದೆ. ನಡುಭಾಗದಲ್ಲಿ ಒಂದೇ ಬಗೆಯ ಸಂಕಟ ಮತ್ತೆ ಮತ್ತೆ ಬಂದು ಚಿತ್ರ ನಿಂತಂತೆ ಅನಿಸುತ್ತದೆ. ಹೆಗಲ ಮೇಲೆ ಹೊತ್ತ ಕ್ಯಾಮೆರಾ ಮುಖಕ್ಕೆ ತೀರ ಹತ್ತಿರ ಹೋಗುವುದರಿಂದ ಊರಿನ ಬಯಲು, ಬಿಸಿಲು ನೆನಪಿನಲ್ಲಿ ಉಳಿಯುವುದು ಕಡಿಮೆ.

ಇಷ್ಟು ಸಹಜವಾದ ಮಾತು ಬರಬೇಕಾದರೆ ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿಯಬೇಕು. ಅದಕ್ಕೆ ಸಿಂಕ್ ಸೌಂಡ್ ಅನ್ನುತ್ತಾರೆ. ಕನ್ನಡದ ಬಹುಪಾಲು ಸಿನೆಮಾಗಳು ಇನ್ನೂ ಡಬ್ಬಿಂಗ್ ಕೋಣೆಯನ್ನು ನಂಬಿವೆ. ಚಿತ್ರೀಕರಣದಲ್ಲಿ ಹಿಡಿದದ್ದು ಬರೀ ಗುರುತಿಗೆ, ನಿಜವಾದ ಮಾತು ಆಮೇಲೆ ಕೋಣೆಯಲ್ಲಿ. ತೊಂದರೆ ಶುರುವಾಗುವುದು ಇಲ್ಲೇ. ಬೆಂಗಳೂರಿನ ನಟ ಸೆಟ್ಟಿನಲ್ಲಿ ‘ಹೋಗ್ತಾ ಇದ್ದಾನೆ’ ಎಂದಿರುತ್ತಾನೆ, ಐದು ಉಚ್ಚಾರ. ಡಬ್ಬಿಂಗ್‌ನಲ್ಲಿ ಯಾರೋ ತಿದ್ದಿ ‘ಹೊಂಟಾನ’ ಮಾಡುತ್ತಾರೆ, ಮೂರೇ ಉಚ್ಚಾರ. ಮಾತು ಮುಗಿದರೂ ಬಾಯಿ ಆಡುತ್ತಿರುತ್ತದೆ. ಅದನ್ನು ಮುಚ್ಚಲು ‘ಹೊಂಟಾನ್ ನೋಡ್ರೀ’ ಎಂದು ಬಾಲ ಅಂಟಿಸುತ್ತಾರೆ. ಹೀಗೆ ತುಂಬಿಸಿದ ‘ನೋಡ್ರೀ’ಗಳೂ ‘ಮತ್ತ’ಗಳೂ ಸೇರಿ ಪರದೆಯ ಮೇಲಿನ ಉತ್ತರ ಕರ್ನಾಟಕ ಎಂಬ ಹೊಸ ಭಾಷೆಯೊಂದು ಹುಟ್ಟಿದೆ. ‘ರೀ’ ಅಂದರೆ ಮರ್ಯಾದೆ. ಹಿರಿಯರಿಗೆ, ಹೊಸಬರಿಗೆ, ಹೆಂಡತಿ ಗಂಡನಿಗೆ ಹೇಳುವುದು. ಗೆಳೆಯರ ಜಗಳದಲ್ಲಿ ‘ಲೇ’ ಬರುತ್ತದೆಯೇ ಹೊರತು ‘ರೀ’ ಬರುವುದಿಲ್ಲ. ಅವ್ವನ ಹತ್ತಿರ ಊಟ ಕೇಳುವ ಮಗನೂ ‘ರೀ’ ಅನ್ನುವುದಿಲ್ಲ. ಪ, ಬ, ಮ ಅಕ್ಷರಗಳಲ್ಲಿ ತುಟಿ ಕೂಡುವುದರಿಂದ ಆ ಜಾಗದಲ್ಲಿ ಹೊಂದಾಣಿಕೆ ತಪ್ಪಿದರೆ ಕಣ್ಣಿಗೂ ತಕ್ಷಣ ಗೊತ್ತಾಗುತ್ತದೆ. ಉಳಿದ ತಪ್ಪುಗಳನ್ನು ಕಿವಿ ಮಾತ್ರ ಹಿಡಿಯುತ್ತದೆ.

ರೊಟ್ಟಿ ಬಡಿಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಜೋಳದ ಹಿಟ್ಟಿಗೆ ಜಿಗುಟು ಇಲ್ಲ. ಬಿಸಿನೀರು ಹಾಕಿ ನಾದಿ, ಕೊಮ್ಮಣಿಗೆ ಎಂಬ ಮರದ ಪರಾತದಲ್ಲೋ ಕಲ್ಲಿನ ಮೇಲೋ ಅಂಗೈಯಿಂದ ತಟ್ಟುತ್ತ ತಿರುಗಿಸಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ, ಅದು ಆರುವಷ್ಟರಲ್ಲಿ ತಿರುವಿ ಹಾಕಬೇಕು. ಈ ಕೆಲಸ ಮಾಡುತ್ತ ಹೆಂಗಸರು ಮಾತಾಡುವಾಗ ಮಾತು ಕೈಯ ಲಯಕ್ಕೆ ಕೂತಿರುತ್ತದೆ. ತಟ್ಟುವಾಗ ಸೊಲ್ಲು ತುಂಡಾಗುತ್ತದೆ, ತಿರುವಿ ಹಾಕುವಾಗ ಉದ್ದವಾಗುತ್ತದೆ. ಸಿಂಕ್ ಸೌಂಡಿನಲ್ಲಿ ಇದು ತಾನಾಗಿಯೇ ಬರುತ್ತದೆ. ಡಬ್ಬಿಂಗ್‌ನಲ್ಲಿ ತಟ್ಟುವ ಸಪ್ಪಳವನ್ನು ಬೇರೆ ಪದರದಲ್ಲಿ, ಒಂದೇ ಏರಿನಲ್ಲಿ ಹಾಕಿರುತ್ತಾರೆ. ಮೇಲೆ ಮಾತು ತನ್ನ ಪಾಡಿಗೆ ಸರಾಗ ಹರಿಯುತ್ತದೆ. ಗೋಡೆ ಗಡಿಯಾರದ ಹಾಗೆ ರೊಟ್ಟಿ ಬಡಿದುಕೊಳ್ಳುತ್ತಿರುತ್ತದೆ. ಲಟ್ಟಣಿಗೆ ಹಿಡಿದು ಜೋಳದ ರೊಟ್ಟಿ ಲಟ್ಟಿಸುವ ದೃಶ್ಯಗಳ ಬಗ್ಗೆ ಹೇಳುವುದೇ ಬೇಡ.

ರಾಮ್ ರೆಡ್ಡಿ ಅವರ ‘ತಿಥಿ’ ಈ ದಾರಿಗೆ ಮೊದಲೇ ದೀಪ ಹಿಡಿದಿತ್ತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್, ಮುಂದೆ ಕನ್ನಡದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ. 101 ವರ್ಷದ ಸೆಂಚುರಿ ಗೌಡ ಸತ್ತ ದಿನದಿಂದ ಅವನ ತಿಥಿಯವರೆಗಿನ ಕತೆ. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಲೇಬೇಕು, ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಹೋಗುವುದೇ ಕೆಲಸ. ಮಾತು ಅಪ್ಪಟ ಮಂಡ್ಯದ್ದು. ವಿಜಯಪುರದ ನೋಡುಗನಿಗೆ ಮೊದಲ ಹತ್ತು ನಿಮಿಷ ಕೆಲವು ಪದ ಜಾರಬಹುದು. ಆಮೇಲೆ ಜಾರುವುದಿಲ್ಲ. ಊರು ಯಾವುದೇ ಆಗಲಿ, ಮಾತು ಒಂದು ಕಡೆ ಗಟ್ಟಿಯಾಗಿ ನಿಂತರೆ ಕೇಳುಗ ಅಲ್ಲಿಗೆ ತಾನೇ ನಡೆದು ಬರುತ್ತಾನೆ. ಎಲ್ಲರಿಗೂ ಅರ್ಥವಾಗಲಿ ಎಂದು ಮಾತನ್ನು ನೀರು ಮಾಡಿದ ಚಿತ್ರಗಳಿಗೆ ಈ ಭಾಗ್ಯವಿಲ್ಲ. ‘ತಿಥಿ’ಯನ್ನು ಕೆಲವರು ನಿಧಾನ ಎಂದರು. ನಿಧಾನವೇ. ಗಡ್ಡಪ್ಪ ನಡೆಯುವ ವೇಗವೇ ಆ ಸಿನೆಮಾದ ವೇಗ, ಅದನ್ನು ಕತ್ತರಿಸಿದರೆ ಅವನೇ ಉಳಿಯುವುದಿಲ್ಲ.

ಉತ್ಸವ್ ಗೋನವಾರ ಅವರ ‘ಫೋಟೋ’ (2024) ರಾಯಚೂರಿನದು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂಬ ಆಸೆಯಿಂದ ಬೆಂಗಳೂರಿಗೆ ಬಂದ ಹುಡುಗ ದುರ್ಗ್ಯಾ. ಅಪ್ಪ ಅಲ್ಲಿ ಕಟ್ಟಡದ ಕೆಲಸದವನು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದು ಇಬ್ಬರೂ ಊರಿನ ಕಡೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ನಮ್ಮ ಜಿಲ್ಲೆಗಳಿಂದಲೂ ಗೋವೆಗೆ, ಮಹಾರಾಷ್ಟ್ರಕ್ಕೆ, ಬೆಂಗಳೂರಿಗೆ ದುಡಿಯಲು ಹೋದವರು ಆ ಬೇಸಿಗೆಯಲ್ಲಿ ಹೀಗೆಯೇ ಬಂದರು. ಚಿತ್ರದ ಶಕ್ತಿ ಇರುವುದು ಅಪ್ಪ-ಮಗನ ಸಣ್ಣ ಮಾತಿನಲ್ಲಿ. ನಡೆದಷ್ಟೂ ಸೊಲ್ಲು ಗಿಡ್ಡವಾಗುತ್ತ ಹೋಗುತ್ತದೆ, ದಣಿದವರ ಮಾತು ಇರುವುದೇ ಹಾಗೆ. ದುಃಖದ ಜಾಗಗಳಲ್ಲಿ ಹಿನ್ನೆಲೆ ಸಂಗೀತ ಬೇಕಾದ್ದಕ್ಕಿಂತ ಹೆಚ್ಚಾಯಿತು. ಖಾಲಿ ರಸ್ತೆಯ ಮೇಲೆ ಚಪ್ಪಲಿಯ ಸಪ್ಪಳವೊಂದೇ ಸಾಕಿತ್ತು. ಮಂಸೋರೆ ಅವರ ‘ಹರಿವು’ (2014) ಇದಕ್ಕೆ ಅಣ್ಣನ ಸಮಾನ: ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ದೇಹವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಒಯ್ಯುವ ತಂದೆ. ಸಂಚಾರಿ ವಿಜಯ್ ದಕ್ಷಿಣದವರಾದರೂ ಆ ತಂದೆಯ ಮಾತಿನಲ್ಲಿ ಒಂದು ಎಚ್ಚರವಿದೆ. ಗೊತ್ತಿಲ್ಲದ ಜಾಗದಲ್ಲಿ ಬಾಯಿ ಬಿಡದೆ ಮೌನವಾಗಿ ಇದ್ದುಬಿಡುತ್ತಾರೆ. ಬರದ ಮಾತನ್ನು ಆಡಿ ಕೆಡಿಸುವುದಕ್ಕಿಂತ ಇದು ಮೇಲು, ಎಷ್ಟೋ ದೊಡ್ಡ ನಟರು ಕಲಿಯಬೇಕಾದ ಪಾಠ.

ಇನ್ನು ದೊಡ್ಡ ಸಿನೆಮಾಗಳು. ರಿಷಬ್ ಶೆಟ್ಟಿ ಅವರ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಬಂತು. ವಿಮರ್ಶಕರು ಕೊನೆಯ ಇಪ್ಪತ್ತು ನಿಮಿಷವನ್ನು ಕೊಂಡಾಡಿದರು, ನಾಯಕಿಯ ಜೊತೆ ನಾಯಕನ ನಡವಳಿಕೆಯನ್ನು ಆಕ್ಷೇಪಿಸಿದರು. ಎರಡೂ ಸರಿ. ಸೊಂಟ ಗಿಲ್ಲುವುದನ್ನು ಪ್ರೀತಿ ಎಂದು ತೋರಿಸಿದ ದೃಶ್ಯಗಳು ಚಿತ್ರದ ಮೊದಲ ಒಂದು ಗಂಟೆಯನ್ನು ಹಗುರ ಮಾಡಿವೆ. ಆದರೆ ನಮ್ಮ ಕಡೆಯಿಂದ ನೋಡಿದರೆ ಈ ಚಿತ್ರ ಮಾಡಿದ ದೊಡ್ಡ ಕೆಲಸ ಬೇರೆ. ಕುಂದಾಪುರ ಕಡೆಯ ಮಾತನ್ನು ನಾಯಕನ ಬಾಯಿಗೆ ಇಟ್ಟಿತು. ನಗಿಸಲು ಬಂದ ಅಡುಗೆಭಟ್ಟನ ಬಾಯಿಗಲ್ಲ, ಹೊಡೆದಾಡುವ, ಅಳುವ, ಕೊನೆಗೆ ಮೈಮೇಲೆ ದೈವ ಬರುವ ನಾಯಕನ ಬಾಯಿಗೆ. ಇಂಡಿ, ಜಮಖಂಡಿ, ಗೋಕಾಕದ ಜನರೂ ಅದನ್ನು ಯಾರ ಅನುವಾದವೂ ಇಲ್ಲದೆ ಕೇಳಿದರು. ದಾರಿ ಒಂದೇ ದಿನದಲ್ಲಿ ಆದದ್ದಲ್ಲ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ 2014ರಲ್ಲೇ ಸಿಂಕ್ ಸೌಂಡಿನಲ್ಲಿ ಕರಾವಳಿಯ ಮಾತನ್ನು ಹಿಡಿದಿತ್ತು, ಆಗ ಟಾಕೀಸಿನಲ್ಲಿ ಸೋತಿತು. ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’ (2017) ಮಂಗಳೂರಿನ ಮಾತಿನಿಂದಲೇ ಗೆದ್ದಿತು. ‘ಗರುಡ ಗಮನ ವೃಷಭ ವಾಹನ’ (2021) ಅದೇ ಮಾತಿನಲ್ಲಿ ರೌಡಿಗಳ ಕತೆ ಹೇಳಿತು. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಂ ಸೋ’ ದೊಡ್ಡ ತಾರೆಯಿಲ್ಲದೆ ಬಾಯಿಂದ ಬಾಯಿಗೆ ಹಬ್ಬಿ ಹೌಸ್‌ಫುಲ್ ಆಯಿತು. ಹತ್ತು ಹನ್ನೊಂದು ವರ್ಷಗಳಲ್ಲಿ ಒಂದು ಸೀಮೆ ತನ್ನ ಮಾತಿಗೆ ನಾಯಕನ ಪಟ್ಟ ಕಟ್ಟಿತು.

ನಮ್ಮ ಮಾತು ಮಾತ್ರ ಇನ್ನೂ ನಾಯಕನ ಗೆಳೆಯ, ಠಾಣೆಯ ಕಾನ್‌ಸ್ಟೇಬಲ್, ಹಾಸ್ಟೆಲ್ಲಿನ ಪೆದ್ದ ಹುಡುಗ, ಮನೆಗೆಲಸದವಳ ಬಾಯಲ್ಲೇ ಉಳಿದಿದೆ. ದೊಡ್ಡ ಬಂಡವಾಳದ ಚಿತ್ರದಲ್ಲಿ ಬಾಗಲಕೋಟೆಯ ಮಾತಿನಲ್ಲಿ ಪ್ರೀತಿ ಹೇಳಿಕೊಂಡ ನಾಯಕ, ‘ನೀ ಇಲ್ದ ನಂಗ ಆಗೂದಿಲ್ಲ’ ಎಂದು ನಗೆಯ ಹಂಗಿಲ್ಲದೆ ಹೇಳಿದ ನಾಯಕಿ ಸಿಗುವುದು ಕಷ್ಟ. ಇದರಲ್ಲಿ ಪ್ರೇಕ್ಷಕರದೂ ಪಾಲಿದೆ. ನಮ್ಮ ಮಾತು ಕೇಳಿದ ಕೂಡಲೇ ನಾವೇ ಮೊದಲು ನಗುತ್ತೇವೆ.

ವಿಚಿತ್ರವೆಂದರೆ ನಮ್ಮದೇ ಮಣ್ಣಿನ ವೀರರ ಸಿನೆಮಾಗಳಲ್ಲೂ ಈ ಮಾತು ಇಲ್ಲ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961), ನಾಗಣ್ಣ ಅವರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) – ಎರಡರ ಕತೆಯೂ ನಡೆಯುವುದು ಬೆಳಗಾವಿ ಜಿಲ್ಲೆಯಲ್ಲಿ. ಎರಡರಲ್ಲೂ ಮೇಲುಗೈ ಗ್ರಾಂಥಿಕ ಮಾತಿನದು. 1961ರದನ್ನು ಒಪ್ಪಬಹುದು, ಆಗ ನಾಟಕದ ವೇದಿಕೆಯಿಂದ ಬಂದ ಮಾತೇ ಸಿನೆಮಾದ ಮಾತಾಗಿತ್ತು, ಬಿ. ಸರೋಜಾದೇವಿ ಅದಕ್ಕೆ ತಕ್ಕ ಗತ್ತನ್ನೂ ತಂದರು. ಐವತ್ತು ವರ್ಷದ ಮೇಲೆ ಬಂದ ಚಿತ್ರಕ್ಕೆ ಆ ರಿಯಾಯಿತಿ ಇಲ್ಲ. ಕೋಟೆ, ಕುದುರೆ, ಕತ್ತಿಗೆ ಸುರಿದ ದುಡ್ಡಿನಲ್ಲಿ ಒಂದು ಚೂರು ಬೈಲಹೊಂಗಲದ ಅಜ್ಜಂದಿರ ಹತ್ತಿರ ಕೂತು ಮಾತು ಬರೆದುಕೊಳ್ಳಲು ಬಳಸಿದ್ದರೆ ರಾಯಣ್ಣ ಇನ್ನೂ ಹತ್ತಿರ ಬರುತ್ತಿದ್ದ.

ಹಾಗೆಂದು ಈ ಮಾತಿನಲ್ಲಿ ಗಂಭೀರ ಸಿನೆಮಾ ಆಗಿಯೇ ಇಲ್ಲ ಎಂದಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ (1990), ‘ನಾಗಮಂಡಲ’ (1997), ‘ಸಿಂಗಾರೆವ್ವ’ (2003) ಮಾಡಿದರು. ಇವುಗಳಲ್ಲಿ ‘ನಾಗಮಂಡಲ’ ಇಂದಿಗೂ ಹೊಸದಾಗಿ ಕೇಳಿಸುತ್ತದೆ. ಅದರ ಹಾಡುಗಳನ್ನು ಬರೆದವರು ಗೋಪಾಲ ವಾಜಪೇಯಿ, ಸಂಗೀತ ಸಿ. ಅಶ್ವತ್ಥ್. ಪದ ಇಲ್ಲಿಯದು, ರಾಗದ ಬಳುಕೂ ಇಲ್ಲಿಯದು. ಒಂದೇ ಮುಖದ ಇಬ್ಬರು ಗಂಡಸರನ್ನು, ಗಂಡನನ್ನೂ ನಾಗನನ್ನೂ, ಪ್ರಕಾಶ್ ರೈ ಹೆಚ್ಚಾಗಿ ದನಿಯಿಂದಲೇ ಬೇರೆ ಮಾಡಿದರು. ಕಣ್ಣು ಮುಚ್ಚಿ ಕೇಳಿದರೂ ಯಾರು ಬಂದರು ಎಂದು ತಿಳಿಯುತ್ತದೆ.

‘ಕೆಜಿಎಫ್’ ಬೇರೆ ಜಾತಿಯ ಸಿನೆಮಾ. 2018ರ ಡಿಸೆಂಬರ್ 21ರಂದು ಮೊದಲ ಭಾಗ, 2022ರ ಏಪ್ರಿಲ್ 14ರಂದು ಎರಡನೆಯದು. ಪ್ರಶಾಂತ್ ನೀಲ್ ಯಾವ ಊರಿನ ಮಾತನ್ನೂ ಹಿಡಿಯಲು ಹೋಗಲಿಲ್ಲ. ಎಲ್ಲರೂ ಒಂದೇ ಘೋಷಣೆಯ ಧಾಟಿಯಲ್ಲಿ ಮಾತಾಡುತ್ತಾರೆ. ಕತೆಯೇ ದಂತಕತೆಯ ಹಾಗೆ ಹೇಳಿಸಿಕೊಳ್ಳುವುದರಿಂದ ಅದು ತಪ್ಪಲ್ಲ, ಮೊದಲ ಭಾಗದಲ್ಲಿ ಅನಂತನಾಗ್ ಅವರ ನಿರೂಪಣೆ ಆ ಧಾಟಿಗೆ ತೂಕ ಕೊಟ್ಟಿದೆ. ಮೊದಲ ಭಾಗಕ್ಕೆ ಸಾಹಸ ಮತ್ತು ವಿಶೇಷ ಪರಿಣಾಮಗಳಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ನ್ಯಾಯ. ಆದರೆ ರವಿ ಬಸ್ರೂರು ಅವರ ಸಂಗೀತ ಉಸಿರು ಬಿಡುವುದಿಲ್ಲ. ಎಲ್ಲವೂ ಜೋರಾಗಿದ್ದರೆ ಜೋರು ಎಂಬುದಕ್ಕೆ ಅರ್ಥ ಉಳಿಯುವುದಿಲ್ಲ. ‘ಕಾಂತಾರ’ದಲ್ಲಿ ದೈವದ ಕೂಗು ಎದೆಗೆ ಬಡಿಯುವುದು ಅದರ ಹಿಂದಿನ ಕ್ಷಣ ಸದ್ದಿಲ್ಲದೆ ಇರುವುದರಿಂದ.

ಈ ಅಬ್ಬರಕ್ಕೆ ಸಣ್ಣ ಸಿನೆಮಾಗಳು ಬೆಲೆ ತೆರುತ್ತಿವೆ. ಟಾಕೀಸಿನ ಡಾಲ್ಬಿ ಪ್ರೊಸೆಸರಿನಲ್ಲಿ ಧ್ವನಿಯ ಅಳತೆ 0ಯಿಂದ 10ರವರೆಗೆ ಇರುತ್ತದೆ. ಚಿತ್ರದ ಮಿಕ್ಸಿಂಗ್ ಮಾಡುವುದು 7ರ ಅಳತೆಗೆ. ದೊಡ್ಡ ಚಿತ್ರಗಳು ಕಿವಿ ಹರಿಯುತ್ತವೆ ಎಂದು ಜನ ಗೊಣಗಿದ ಮೇಲೆ ಆಪರೇಟರ್ 5ಕ್ಕೆ ಇಳಿಸಿ ಹಾಗೆಯೇ ಬಿಟ್ಟಿರುತ್ತಾನೆ. 4ರಿಂದ ಮೇಲೆ ಒಂದು ಅಂಕಿ ಎಂದರೆ ಸುಮಾರು 3.3 ಡೆಸಿಬೆಲ್, ಎರಡು ಅಂಕಿ ಇಳಿದರೆ ಹತ್ತಿರ ಹತ್ತಿರ 7 ಡೆಸಿಬೆಲ್ ಹೋಯಿತು. ಅದೇ ಪರದೆಗೆ ಮರುದಿನ ‘ಶಿವಮ್ಮ’ನಂಥ ಚಿತ್ರ ಬಂದರೆ ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ‘ಆರ್ಟ್ ಸಿನೆಮಾ, ಸೌಂಡ ಇಲ್ಲ’ ಎಂದು ಜನ ಎದ್ದು ಹೋಗುತ್ತಾರೆ. ಚಿತ್ರದಲ್ಲಿ ಸೌಂಡ್ ಇದೆ, ಗುಂಡಿ ಕೆಳಗಿದೆ. ಇಂಟರ್ವಲ್‌ವರೆಗೆ ಕಾಯದೆ ಮೊದಲ ಐದು ನಿಮಿಷದಲ್ಲೇ ಬಾಗಿಲ ಹತ್ತಿರದವರಿಗೆ ಹೇಳಿ 6.5 ಅಥವಾ 7ಕ್ಕೆ ಏರಿಸಲು ಕೇಳಬೇಕು. ಹಾಗೆಯೇ ಬೆಳಕು. ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಬೀಳಬೇಕೆಂಬುದು ನಿಯಮ. ದೀಪ ಹಳೆಯದಾದಂತೆ ಅದು ಇಳಿಯುತ್ತದೆ. ರಾತ್ರಿಯ ಕಾಡಿನ ದೃಶ್ಯಗಳಲ್ಲಿ ಮುಖವೇ ಕಾಣದಿದ್ದರೆ ಛಾಯಾಗ್ರಾಹಕನನ್ನು ಬೈಯುವ ಮೊದಲು ಇದನ್ನು ನೆನಪಿಡಬೇಕು. ಕೂರುವ ಜಾಗವೂ ಮುಖ್ಯ. ಪರದೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಭಾಗದ ಸಾಲು, ನಟ್ಟನಡುವೆ. ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳಲ್ಲಿ ತಗ್ಗಾದ ಛಾವಣಿಯಿಂದ ಮಾತು ಗುಂಯ್‌ಗುಡುತ್ತದೆ. ಗೋಡೆಯ ಪಕ್ಕದ ಸೀಟಿನಲ್ಲಿ ಸರೌಂಡ್ ಸ್ಪೀಕರು ಒಂದೇ ಕಿವಿಗೆ ಹೊಡೆಯುತ್ತದೆ.

ಮನೆಯಲ್ಲಿ ನೋಡುವವರಿಗೆ ತೊಂದರೆ ಬೇರೆ ಬಗೆಯದು. ಮಾತು 5.1 ಧ್ವನಿಯ, ಅಂದರೆ ಆರು ಸ್ಪೀಕರಿಗೆ ಹಂಚಿದ ಧ್ವನಿಯ, ನಡುವಿನ ಚಾನೆಲ್ಲಿನಲ್ಲಿ ಇರುತ್ತದೆ. ಟಿವಿಯ ಎರಡು ಸಣ್ಣ ಸ್ಪೀಕರಿಗೆ ಅದನ್ನು ಇಳಿಸುವಾಗ ಮಾತು ಹಿಂದೆ ಸರಿದು ಸಂಗೀತ ಮುಂದೆ ಬರುತ್ತದೆ. ಆ್ಯಪಿನ ಆಡಿಯೊ ಆಯ್ಕೆಯಲ್ಲಿ ಸ್ಟೀರಿಯೊ ಇದ್ದರೆ ಅದನ್ನು ಹಾಕಿ. ಇಲ್ಲವಾದರೆ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಮಾತು ಸ್ಪಷ್ಟ ಮಾಡುವ ಮೋಡ್ ಹುಡುಕಿ. ಚಿತ್ರವನ್ನು ಧಾರಾವಾಹಿಯಂತೆ ನುಣ್ಣಗೆ ಜಾರಿಸುವ ಮೋಷನ್ ಆಯ್ಕೆಯನ್ನು ಆಫ್ ಮಾಡಿ, ಸಿನೆಮಾ ಸೆಕೆಂಡಿಗೆ 24 ಫ್ರೇಮಿನದು. ‘ತಿಥಿ’, ‘ಶಿವಮ್ಮ’, ‘ಫೋಟೋ’ಗಳನ್ನು ಹೆಡ್‌ಫೋನ್ ಹಾಕಿ ನೋಡಿದರೆ ದೂರದ ಕುರಿಯ ಗಂಟೆ, ಪಕ್ಕದ ಮನೆಯ ಕೆಮ್ಮು ಕೂಡ ಕತೆಯ ಒಳಗೆ ಬರುತ್ತವೆ. ‘ಕಾಂತಾರ’, ‘ಕೆಜಿಎಫ್’ಗಳನ್ನು ಫೋನಿನಲ್ಲಿ ನೋಡಬಾರದು.

ಎರಡು ಚಿತ್ರಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗಬಹುದು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಜನರಿಂದಲೇ ದುಡ್ಡು ಕೂಡಿಸಿ ಮಾಡಿದ್ದು. ಟಾಕೀಸಿನಲ್ಲಿ ಟಾರ್ಚ್ ಹಿಡಿಯುವ ಹುಡುಗನ ಬದುಕು ಬಣ್ಣದಲ್ಲಿ, ತಾರೆಯ ಬದುಕು ಕಪ್ಪು-ಬಿಳುಪಿನಲ್ಲಿ. ಎರಡನೇ ಸಲ ನೋಡಿದಾಗ ಹೆಚ್ಚು ಕೊಡುವ ಚಿತ್ರ. ನಟೇಶ್ ಹೆಗಡೆ ಅವರ ‘ಪೆಡ್ರೋ’ (2021) ಉತ್ತರ ಕನ್ನಡದ ಮಳೆಯಲ್ಲಿ ನಡೆಯುತ್ತದೆ. ಮುಖ್ಯ ಪಾತ್ರ ಮಾಡಿದವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ. ಊರು ಒಬ್ಬನನ್ನು ಹೊರಗೆ ಹಾಕುವ ಬಗೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಕನ್ನಡ ಚಿತ್ರ ಈಚೆಗೆ ಬಂದಿಲ್ಲ. ತಾಳ್ಮೆ ಬೇಕು.

ಇಂಥವು ನಮ್ಮ ಊರಿಗೆ ಯಾಕೆ ಬರುವುದಿಲ್ಲ ಎಂಬುದಕ್ಕೆ ಕಾರಣ ಜನರ ಅಭಿರುಚಿ ಮಾತ್ರ ಅಲ್ಲ. ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗೆ ನಿರ್ಮಾಪಕ ಪರದೆಗೆ ಇಷ್ಟು ಎಂದು ವರ್ಚುವಲ್ ಪ್ರಿಂಟ್ ಫೀ ಕಟ್ಟಬೇಕು. ಟಿಕೆಟ್ ನಲವತ್ತು ಹೋದರೂ ನಾನೂರು ಹೋದರೂ ಆ ಖರ್ಚು ತಪ್ಪಿದ್ದಲ್ಲ. ದಿನಕ್ಕೆ ಒಂದೇ ಆಟ ಸಿಗುವ ಸಣ್ಣ ಚಿತ್ರಕ್ಕೆ ಜಮಖಂಡಿಯಲ್ಲೋ ಅಥಣಿಯಲ್ಲೋ ಅದು ಗಿಟ್ಟುವುದಿಲ್ಲ. ಬಂದರೂ ಶುಕ್ರವಾರ ಬಂದು ಗುರುವಾರ ಹೋಗುತ್ತದೆ, ಮೊದಲ ಮೂರು ದಿನದ ಗಳಿಕೆಯೇ ಎರಡನೇ ವಾರವನ್ನು ತೀರ್ಮಾನಿಸುತ್ತದೆ. ‘ಆಮೇಲೆ ನೋಡೋಣ’ ಎಂದವರಿಗೆ ಆ ಚಿತ್ರ ಸಿಗುವುದಿಲ್ಲ. ಬೆಳಗಾವಿಯಲ್ಲಿ ಮರಾಠಿ, ಹಿಂದಿ ಚಿತ್ರಗಳ ಜೊತೆ ಪರದೆಗಾಗಿ ಪೈಪೋಟಿ ಬೇರೆ.

ನಮ್ಮ ಕಡೆಯ ಕತೆ ಮಾಡಲು ಹೊರಟವರಿಗೆ ಮಾಡಬಹುದಾದ ಕೆಲಸ ದುಬಾರಿಯದಲ್ಲ. ಮೊದಲು ಪಾತ್ರದ ತಾಲೂಕು ಯಾವುದೆಂದು ನಿಶ್ಚಯಿಸಬೇಕು, ‘ಉತ್ತರ ಕರ್ನಾಟಕ’ ಎಂದು ಬರೆದು ಬಿಡಬಾರದು. ಚಿತ್ರಕತೆ ಮುಗಿದ ಮೇಲೆ ಆ ತಾಲೂಕಿನ ಇಬ್ಬರು ಹಿರಿಯರಿಂದ, ಒಬ್ಬ ಹೆಂಗಸು ಒಬ್ಬ ಗಂಡಸು, ಸಂಭಾಷಣೆಯನ್ನು ಅವರ ಮಾತಿನಲ್ಲಿ ಹೇಳಿಸಿ ಫೋನಿನಲ್ಲಿ ಹಿಡಿದುಕೊಳ್ಳಬೇಕು. ಓದಿಸಬಾರದು, ಸಂದರ್ಭ ಹೇಳಿ ಮಾತಾಡಿಸಬೇಕು. ಓದಿದರೆ ಪುಸ್ತಕದ ದನಿ ಬರುತ್ತದೆ. ನಟ ಆ ಧ್ವನಿಯನ್ನು ಚಿತ್ರೀಕರಣಕ್ಕೆ ಮೊದಲೇ ಕಿವಿಯಲ್ಲಿ ಇಟ್ಟುಕೊಂಡಿರಬೇಕು, ಡಬ್ಬಿಂಗ್ ಹೊತ್ತಿಗೆ ಹುಡುಕಿದರೆ ತುಟಿ ಆಗಲೇ ಬೇರೆ ಮಾತಾಡಿ ಆಗಿರುತ್ತದೆ. ಸಿಂಕ್ ಸೌಂಡ್ ಮಾಡುವುದಾದರೆ ಬಯಲಿನ ಗಾಳಿಗೆ ಮೈಕಿನ ಮೇಲೆ ದಪ್ಪ ತುಪ್ಪಳದ ಹೊದಿಕೆ ಬೇಕೇ ಬೇಕು. ಜನರೇಟರನ್ನು ಗಾಳಿ ಬೀಸುವ ದಿಕ್ಕಿಗೆ, ಅಂದರೆ ಸದ್ದು ಸೆಟ್ಟಿನಿಂದ ಆಚೆ ಹೋಗುವ ಕಡೆಗೆ ದೂರ ನಿಲ್ಲಿಸಬೇಕು. ಹೊಲದ ಪಂಪ್‌ಸೆಟ್ ಯಾವಾಗ ಶುರುವಾಗುತ್ತದೆ ಎಂದು ಕರೆಂಟ್ ಕೊಡುವ ಹೊತ್ತನ್ನು ಊರವರಿಂದಲೇ ಕೇಳಿಕೊಂಡು ಆ ಹೊತ್ತಿಗೆ ಮಾತಿಲ್ಲದ ದೃಶ್ಯಗಳನ್ನು ತೆಗೆಯಬೇಕು.